ಅತ್ತಿಗೆಯ ಉತ್ತರಕ್ರಿಯೆಯ ದಿನ

ಡೊಂಬಿವಲಿ ಪೂರ್ವ,
ಫೆಬ್ರವರಿ ೧೭, ಮಂಗಳವಾರ

ಪ್ರೀತಿಯ ಲೋಕಣ್ಣನಿಗೆ ತಂಗಿ ಹರಿಣಾಕ್ಷಿಯ ನಮಸ್ಕಾರ.

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ? ಅತ್ತಿಗೆ ಇದ್ದಾಗ ನೆನಪಿಸುತ್ತಿದ್ದರು. ಈಗ ನಿಮ್ಮ ಮಗಳು ಪ್ರೇಕ್ಷಾಳಿಗೆ ಹೇಳಿದ್ದೇನೆ; ಅವಳು ಗದರಿದರೂ ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿಯ ಸುದ್ದಿ ನಿಮಗೆ ಗೊತ್ತೇ ಇದೆ. ಮೀಸಲಾತಿಯ ಚೀಟಿ ಎತ್ತಿದಾಗ ಮೇಯರ್ ಹುದ್ದೆ ಮಹಿಳೆಗೆ ಬಂತು, ಪಕ್ಷದವರು ನನ್ನ ಹೆಸರು ಹೇಳಿದರು. ಎದುರು ಪಕ್ಷ ಯಾರನ್ನೂ ಸೆಳೆಯದಿರಲಿ ಎಂದು ಮತದಾನದವರೆಗೆ ನಮ್ಮ ಕಾರ್ಪೊರೇಟರ್‌ಗಳನ್ನೆಲ್ಲ ಬಸ್ಸಿಗೆ ತುಂಬಿ ಕರ್ಜತ್‌ನ ರೆಸಾರ್ಟಿಗೆ ಒಯ್ದರು. ಕಾಪುವಿನಲ್ಲಿ ವಿಮಲಾ ಅತ್ತಿಗೆಯ ಉತ್ತರಕ್ರಿಯೆ ನಡೆಯುವಾಗ ನಾನು ಈಜುಕೊಳದ ಪಕ್ಕ ಕುಳಿತು ಅವಲಕ್ಕಿಯ ಪೋಹೆ ತಿನ್ನುತ್ತಿದ್ದೆ. ಬರೆಯುವಾಗಲೇ ನಾಚಿಕೆಯಿಂದ ತಲೆ ತಗ್ಗುತ್ತದೆ. ನನ್ನ ಚುನಾವಣೆಗೆ ಲಿಫ್ಟಿಲ್ಲದ ಎಷ್ಟು ಕಟ್ಟಡ ಹತ್ತಿದರು ಅವರು! ನೋಯುವ ಮೊಣಕಾಲು ಹಿಡಿದುಕೊಂಡು, "ನಮ್ಮ ಹುಡುಗಿ ನಿಂತಿದ್ದಾಳೆ, ಮರೀಬೇಡಿ ಆಯ್ತಾ" ಎಂದು ಮನೆಮನೆಗೆ ಹೇಳಿದರು. ಮರಾಠಿ ಸಾಲದಿದ್ದಲ್ಲಿ ನಕ್ಕು ಸುಧಾರಿಸಿದರು. ಪ್ರಚಾರ ಮುಗಿಸಿ ಊರಿಗೆ ಮರಳಿದವರು ಫಲಿತಾಂಶ ಬಂದ ವಾರದಲ್ಲೇ ತೀರಿಕೊಂಡರು. ಹದಿಮೂರನೇ ದಿನಕ್ಕೆ ಬಂದೇ ಬರುತ್ತೇನೆಂದು ಚಿತೆಯ ಮುಂದೆ ನಿಮಗೆ ಮಾತು ಕೊಟ್ಟವಳು ನಾನು.

ಉತ್ತರಕ್ರಿಯೆಯಂದು ನೆಂಟರು ಊಟದ ಪಂಕ್ತಿಯಲ್ಲಿ ನನ್ನನ್ನು ಆಡಿಕೊಂಡಾಗ ನೀವು ಎದ್ದುನಿಂತು, "ಪಾಪ, ಫೋನು ಕಿತ್ಕೊಂಡು ಕೂಡಿಹಾಕಿದ್ದಾರೆ. ಇಲ್ಲದಿದ್ರೆ ಓಡಿ ಬರ್ತಿದ್ಲು" ಎಂದಿರಂತೆ. ಪ್ರೇಕ್ಷಾ ಹೇಳಿದಳು. ಅದನ್ನು ಕೇಳಿದಂದಿನಿಂದ ಈ ಪತ್ರ ಬರೆಯಲು ಕೂರುತ್ತೇನೆ, ಏಳುತ್ತೇನೆ.

ಮುಂದಿನ ತಿಂಗಳ ಮೊದಲ ಭಾನುವಾರ ಇಲ್ಲಿಯ ಕನ್ನಡ ಸಂಘದವರು ನಾನು ಮೇಯರ್ ಆದದ್ದಕ್ಕೆ ಸನ್ಮಾನ ಇಟ್ಟಿದ್ದಾರೆ. ವೇದಿಕೆಯಲ್ಲಿ ಅಣ್ಣನೇ ಮಾತಾಡಬೇಕೆಂದು ಅವರ ಹಟ. ರೈಲಿನ ಟಿಕೇಟು ಇದರೊಂದಿಗಿದೆ. ಪ್ರೇಕ್ಷಾಳಿಗೆ ನನ್ನ ಆಶೀರ್ವಾದ, ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ತಂಗಿ,
ಹರಿಣಾಕ್ಷಿ

ಮತ್ತೆ: ಅಂಚೆಗೆ ಹಾಕಲು ನನ್ನ ಮಗಳು ಅಶ್ಮಿತಾ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಅಣ್ಣ, ನನ್ನನ್ನು ಯಾರೂ ಕೂಡಿಹಾಕಿರಲಿಲ್ಲ. ನಮ್ಮ ಜೊತೆಯ ಕಾರ್ಪೊರೇಟರ್ ಕಮಲಾಕ್ಷ ಉತ್ತರಕ್ರಿಯೆಯ ಹಿಂದಿನ ದಿನವೇ ಬಂದು, "ಅಕ್ಕ, ಕಾರು ಉಂಟು, ಹೋಗಿ ಬನ್ನಿ. ಆದ್ರೆ ಮೇಯರ್‌ಗೆ ಬೇರೆಯವರ ಹೆಸರು ಕೊಡ್ತಾರಂತೆ" ಎಂದಿದ್ದ. ನಾನು ಹೋಗಲಿಲ್ಲ. ಫೋನನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ನಿಮ್ಮ ಕರೆ ಬರುತ್ತದೆಂದು ಹೆದರಿ ನಾನೇ ಪಕ್ಷದವರ ಕೈಗೆ ಕೊಟ್ಟುಬಿಟ್ಟೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಬನ್ನಿ. ಆದರೆ ನನ್ನ ಪರವಾಗಿ ಇನ್ನು ಯಾರ ಮುಂದೆಯೂ ಎದ್ದುನಿಲ್ಲಬೇಡಿ.