ಹದಿನಾಲ್ಕನೇ ಜಾಗದಲ್ಲಿ ಗಾಡಿ ನಿಲ್ಲಿಸಬೇಡಿ

ನಿಲುಗಡೆ ದಂಡದ ಮೇಲ್ಮನವಿ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ. ಆದರೆ ನಿಮ್ಮನ್ನು ಕಣ್ಣಾರೆ ಕಂಡವರು ಸವಣೂರಿನಲ್ಲಿ ಒಬ್ಬರೂ ಇಲ್ಲ. ನಿಮ್ಮ ಕುರ್ಚಿ ಯಾವ ಊರಿನಲ್ಲಿದೆಯೋ, ಅದರ ಮೇಲೆ ಮನುಷ್ಯರು ಕೂತಿದ್ದಾರೋ ಯಂತ್ರ ಕೂತಿದೆಯೋ, ಅದೂ ಗೊತ್ತಿಲ್ಲ. ನಾನು ಬರೆದಾಗಲೆಲ್ಲ ಒಂದೇ ಉತ್ತರ ಬಂತು, ಒಂದು ಅಲ್ಪವಿರಾಮವೂ ಬದಲಾಗದೆ: "ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ." ಗೋಡೆಗೆ ಹೇಳಿ ಹೇಳಿ ಬಾಯಿ ನೋಯಿತು. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ನೀವು ನನ್ನ ವ್ಯಾನಿಗೆ ಹಾಕಿರುವ ಎರಡು ಸಾವಿರ ರೂಪಾಯಿ ದಂಡವನ್ನು ನಾನು ಕಟ್ಟುವುದಿಲ್ಲ.

ನನ್ನ ಅಪರಾಧವನ್ನು ನಿಮ್ಮ ನೋಟೀಸಿನ ಮಾತಿನಲ್ಲೇ ಹೇಳುತ್ತೇನೆ: "ನಿಲುಗಡೆ ಸ್ಥಳ ಹದಿನಾಲ್ಕಕ್ಕೆ ಅಡ್ಡಲಾಗಿ ವಾಹನ ನಿಲ್ಲಿಸಿ, ಇತರ ಗ್ರಾಹಕರಿಗೆ ಅಡಚಣೆ ಉಂಟುಮಾಡಿರುವುದು." ಎಂಥ ಶುದ್ಧ ಕನ್ನಡ. ಬಟ್ಟೆ ಅಂಗಡಿಗಳ ಸಂಕೀರ್ಣದ ಹಿಂದಿನ ನಿಮ್ಮ ಖಾಸಗಿ ಮೈದಾನದಲ್ಲಿ ನಾನು ಅಡ್ಡ ನಿಲ್ಲಿಸಿದ್ದು ನಿಜ, ಒಪ್ಪುತ್ತೇನೆ. ಆದರೆ ಗಾಡಿ ನಿಲ್ಲಿಸಲು ಬಾರದೆ ಅಲ್ಲ. ನಾನು ಖಾರಾ, ಅಂದರೆ ಎಣ್ಣೆಯಲ್ಲಿ ಕರಿದ ಕುರುಕಲು ತಿಂಡಿ, ಮಾರುವವಳು. ಹಾನಗಲ್ಲಿನ ಸಂತೆಯ ಇಕ್ಕಟ್ಟಿನಲ್ಲಿ, ಶಿಗ್ಗಾಂವಿಯ ಓಣಿಗಳಲ್ಲಿ, ಎತ್ತು ಎಮ್ಮೆಗಳ ನಡುವೆ ಇದೇ ವ್ಯಾನನ್ನು ಹಿಂದಕ್ಕೆ ಹೊರಳಿಸಿದವಳು. ಅಂಥವಳಿಗೆ ಎರಡು ಬಿಳಿ ಗೆರೆಗಳ ನಡುವೆ ನಿಲ್ಲಿಸಲು ಬರುವುದಿಲ್ಲವೇ? ಯಾಕೆ ಅಡ್ಡ ನಿಲ್ಲಿಸಿದೆ ಎಂದು ನೀವು ಒಮ್ಮೆಯಾದರೂ ಕೇಳಬೇಕಿತ್ತು. ಕೇಳಲಿಲ್ಲ, ಆದರೂ ಹೇಳುತ್ತೇನೆ.

ನಿಮ್ಮ ಮೈದಾನ ಇರುವಲ್ಲಿ ಹಿಂದೆ ನಮ್ಮ ಮನೆ ಇತ್ತು. ನನ್ನ ತಂದೆ, ಅಬ್ಬಾ ಖಲಂದರ, ಎಲೆ ವ್ಯಾಪಾರಿ. ಬೇಸಿಗೆಯಲ್ಲಿ ತೋಟದಿಂದ ಬಂದ ವೀಳ್ಯದೆಲೆ ಬಾಡದಿರಲಿ ಎಂದು ಬುಟ್ಟಿಗೆ ಹಗ್ಗ ಕಟ್ಟಿ ಹಿತ್ತಲ ಬಾವಿಯೊಳಗೆ, ನೀರಿಗೆ ತುಸು ಮೇಲೆ ನಿಲ್ಲುವಂತೆ ಇಳಿಬಿಡುತ್ತಿದ್ದರು. ಸಂಜೆ ಪೇಟೆಗೆ ಒಯ್ಯುವಾಗ ಮೇಲೆಳೆದರೆ ಎಲೆ ಆಗತಾನೇ ಕೊಯ್ದಂತಿರುತ್ತಿತ್ತು. ನನ್ನ ತಮ್ಮ ವಸೀಮನಿಗೆ ಆ ಬುಟ್ಟಿ ಎಂದರೆ ಜೀವ. ಮೇಲೆ ಬಂದ ಮೊದಲ ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ತಣ್ಣಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಅವನ ಹಕ್ಕು. ಇನ್ನೂ ಶಾಲೆಗೆ ಹಾಕಿರಲಿಲ್ಲ ಅವನನ್ನು. ಒಂದು ಮಧ್ಯಾಹ್ನ ಮನೆಮಂದಿಯೆಲ್ಲ ಮಲಗಿದ್ದಾಗ ಬುಟ್ಟಿ ನೋಡಲು ಒಬ್ಬನೇ ಹೋದ. ನೆರೆಯ ಫಕ್ರುಸಾಬರು ಬಾವಿಗಿಳಿದು ಅವನನ್ನು ಮೇಲೆ ತಂದಾಗ ಮುಷ್ಟಿಯಲ್ಲಿ ಹರಿದ ಎಲೆಯೊಂದಿತ್ತು. ನನ್ನ ತಾಯಿ ರಹಿಮಾಬಿ ಅಂದಿನಿಂದ ಎಲೆಅಡಿಕೆ ಬಾಯಿಗೆ ಹಾಕಿಲ್ಲ. ಮರುವರ್ಷ ಅಬ್ಬಾ ಮನೆ ಮಾರಿದರು.

ತಮ್ಮನ ಗೋರಿ ಖಬರಸ್ತಾನದಲ್ಲಿದೆ. ಅಲ್ಲಿಗೆ ಹೆಂಗಸರು ಹೋಗುವ ವಾಡಿಕೆ ನಮ್ಮ ಮನೆತನದಲ್ಲಿಲ್ಲ. ಹೀಗಾಗಿ ಅಮ್ಮನ ಪಾಲಿಗೆ ಉಳಿದದ್ದು ಬಾವಿಯೊಂದೇ. ಮನೆ ಕೈಬಿಟ್ಟ ಮೇಲೂ ಪಾಳುಬಿದ್ದ ಹಿತ್ತಲಿಗೆ ಹೋಗಿ ಗುರುವಾರ ಸಂಜೆ ಮಗನ ಹೆಸರಿನಲ್ಲಿ ಫಾತೆಹಾ ಪ್ರಾರ್ಥನೆ ಓದಿ ಬರುತ್ತಿದ್ದಳು. ಆಮೇಲೆ ನೀವು ಬಂದಿರಿ. ಮನೆ ಕೆಡವಿದಿರಿ, ನೆಲ ಸಮ ಮಾಡಿದಿರಿ, ಗೆರೆ ಎಳೆದು ನಂಬರು ಬರೆದಿರಿ. ಬಾವಿಗೆ ಬಿದ್ದ ನಂಬರು ಹದಿನಾಲ್ಕು. ಅಲ್ಲಿಂದ ಈಚೆಗೆ ಪ್ರತಿ ಗುರುವಾರ ಅಮ್ಮನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಂದು, ನಿಲುಗಡೆ ಚೀಟಿ ಹರಿಸಿಕೊಂಡು, ಹದಿನಾಲ್ಕಕ್ಕೆ ಅಡ್ಡ ನಿಲ್ಲಿಸುತ್ತೇನೆ. ಅವಳು ಗಾಜು ಇಳಿಸಿ, ಸೆರಗು ತಲೆ ಮೇಲೆ ಎಳೆದುಕೊಂಡು ಓದುತ್ತಾಳೆ. ಮಗ ಸತ್ತ ಜಾಗದ ಪಕ್ಕ ಕೂರಲು ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡುವ ತಾಯಿ ನಿಮ್ಮ ಬೇರೆ ಮೈದಾನಗಳಲ್ಲಿ ಯಾರಾದರೂ ಇದ್ದಾಳೆಯೇ, ತಿಳಿಸಿ.

ಮೊದಮೊದಲು ಇದು ಅಮ್ಮನ ಸಂಕಟ ಅಷ್ಟೇ ಎಂದುಕೊಂಡಿದ್ದೆ. ಓದು ಮುಗಿಸಿ ಅವಳು ಸುಮ್ಮನೆ ಕಿವಿ ಕೊಟ್ಟು ಕೂರುತ್ತಿದ್ದಳು. ಕೆಳಗೆ ನೀರು ಅಲುಗುತ್ತಿದೆ, ಯಾರೋ ಬುಟ್ಟಿ ಎಳೆಯುತ್ತಿದ್ದಾರೆ ಅನ್ನುತ್ತಿದ್ದಳು. ವಯಸ್ಸಾಯಿತು, ಭ್ರಮೆ ಎಂದು ನಾನು ಹೂಂಗುಟ್ಟುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಬರಬರುತ್ತಾ ಆ ಸಪ್ಪಳ ನನ್ನ ಬೆನ್ನಿಗೂ ಬಿತ್ತು. ಕಡಾಯಿಯಲ್ಲಿ ಎಣ್ಣೆ ಕಾಯಲು ಇಟ್ಟಾಗ, ಹಾನಗಲ್ಲಿನ ದಾರಿಯಲ್ಲಿ ವ್ಯಾನು ಒಂದೇ ಸಮನೆ ಓಡುವಾಗ, ಒಣ ಹಗ್ಗ ಕಲ್ಲಿಗೆ ತಿಕ್ಕಿದಂಥ ಸದ್ದು ಕೇಳುತ್ತಿತ್ತು. ನನಗೆ ಹೆದರಿಕೆಯಾಯಿತು.

ಈ ಸಲದ ಮಳೆಗಾಲದಲ್ಲಿ ನಿಮ್ಮ ಕಾವಲುಗಾರ ಹನುಮಂತಪ್ಪ ಹದಿನಾಲ್ಕರಲ್ಲಿ ಜಲ್ಲಿ ಸುರಿಯುವುದು ಕಣ್ಣಿಗೆ ಬಿತ್ತು. ಯಾಕೆಂದು ಕೇಳಿದೆ.

"ನೆಲ ಕುಸ್ಯಾಕತ್ತೈತ್ರಿ ಅಕ್ಕಾರ. ಮುಂಜಾನಿ ಒಂದು ಬುಟ್ಟಿ ಸುರುವ್ತೇನಿ, ಸಂಜಿಕ ನೋಡಿದ್ರ ಖಡಿನ ಇರಂಗಿಲ್ಲ."

"ಮ್ಯಾಲಿನವರಿಗೆ ಹೇಳಿಲ್ಲೇನು?"

"ಹೇಳೇನ್ರಿ. ಇನ್ನೊಂದು ಬುಟ್ಟಿ ಸುರುವು ಅಂದ್ರು."

ವ್ಯಾನಿನೊಳಗಿಂದ ಅಮ್ಮ ಅಂದಳು: "ಬಾವಿ ಹೂತಿಲ್ಲಪಾ ಇವರು. ಬಾಯಿಗೆ ಬಂಡೆಗಲ್ಲು ಮುಚ್ಚ್ಯಾರ." ಹನುಮಂತಪ್ಪ ಬುಟ್ಟಿ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಆ ಜಾಗ ಮುಚ್ಚಿ ಎಂದು ಆ ವಾರವೇ ನಿಮಗೆ ಮೊದಲ ಪತ್ರ ಬರೆದೆ. ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಿದಿರಿ.

ಈಗ ನಿಮ್ಮ ನೋಟೀಸಿನ ದಿನಕ್ಕೆ ಬರುತ್ತೇನೆ. ಆ ಗುರುವಾರ ನಾವು ಬರುವುದು ತಡವಾಯಿತು. ನಾನು ಗಾಡಿ ತಿರುಗಿಸುವಷ್ಟರಲ್ಲಿ ಮಾಸೂರಿನ ಕಡೆಯ ಕಾರೊಂದು ಹದಿನಾಲ್ಕಕ್ಕೆ ನುಗ್ಗಿತು. ಗಂಡ ಹೆಂಡತಿ ಮದುವೆ ಬಟ್ಟೆಗೆ ಬಂದವರು. ಹಿಂದಿನ ಸೀಟಿನಲ್ಲಿ ಅವರ ಪುಟ್ಟ ಮಗಳು ಮಲಗಿದ್ದಳು. ಗಾಜು ಅರ್ಧ ಇಳಿಸಿ, ಹತ್ತು ನಿಮಿಷದ ಕೆಲಸವೆಂದು ಇಬ್ಬರೂ ಇಳಿದರು. ಕೋಲಿಲ್ಲದೆ ನಡೆಯಲಾಗದ ನನ್ನ ತಾಯಿ ಹೇಗೆ ಬಾಗಿಲು ತೆಗೆದಳೋ, ಹೇಗೆ ಓಡಿದಳೋ. ಕಾರಿನ ಮುಂದೆ ನಿಂತು ಬಾನೆಟ್ಟಿಗೆ ಎರಡೂ ಕೈಯಿಂದ ಬಡಿಯತೊಡಗಿದಳು. ಆ ಗಂಡಸಿಗೆ ಸಿಟ್ಟು ಬಂತು, ಬರುವುದೇ.

"ರೊಕ್ಕಾ ಕೊಟ್ಟು ನಿಲ್ಸೇನಮ್ಮಾ. ನಿಮ್ಮಪ್ಪನ ಜಾಗಾ ಏನಿದು?"

"ನಮ್ಮಪ್ಪಂದಲ್ಲಪಾ. ನನ್ನ ಮಗಂದು," ಅಂದಳು ಅಮ್ಮ. "ಮೊದಲ ಆ ಕೂಸನ್ನ ಎತ್ಕೋ. ಆಮ್ಯಾಲೆ ಏನ್ ಬೈತೀ ಬೈ."

ಹೆಂಡತಿ ಅಮ್ಮನ ಮುಖ ನೋಡಿದಳು. ಏನು ಕಂಡಳೋ, ಹಿಂಬಾಗಿಲು ತೆಗೆದು ಮಗುವನ್ನು ಎತ್ತಿಕೊಂಡಳು. ಗಂಡ ಗೊಣಗುತ್ತಲೇ ಕಾರನ್ನು ಹಿಂದೆ ತೆಗೆದ. ನಾನು ವ್ಯಾನನ್ನು ಅಡ್ಡ ನಿಲ್ಲಿಸಿದೆ. ಅಮ್ಮ ಗೆರೆಯ ಅಂಚು ಬಿಟ್ಟು ಕದಲಲಿಲ್ಲ. ಅಂಗಡಿಗಳು ಬಾಗಿಲು ಹಾಕುವವರೆಗೂ ಅಲ್ಲೇ ನಿಂತಿದ್ದಳು. ನೀವು ಸಾಕ್ಷಿ ಎಂದು ಕಳಿಸಿರುವ ಫೋಟೋ ಆ ಹೊತ್ತಿನದು. "ಅಡಚಣೆ" ಎಂದು ಬರೆದು ಕೆಂಪು ಚೌಕ ಹಾಕಿದ್ದೀರಿ. ದಯವಿಟ್ಟು ಇನ್ನೊಮ್ಮೆ ನೋಡಿ. ಆ ಚೌಕದೊಳಗೆ ವ್ಯಾನಿಲ್ಲ, ನನ್ನ ತಾಯಿ ಇದ್ದಾಳೆ.

ಅಂದು ರಾತ್ರಿಯೆಲ್ಲ ಮಳೆ ಹೊಡೆಯಿತು. ಬೆಳಗ್ಗೆ ಹನುಮಂತಪ್ಪ ಹೇಳಿ ಕಳಿಸಿದ. ಹೋಗಿ ನೋಡಿದರೆ ಹದಿನಾಲ್ಕರ ನಡುವೆ ಊಟದ ತಾಟಿನಗಲದ ತೂತು ಬಿದ್ದಿತ್ತು. ಒಂದು ಕಲ್ಲಿಗೆ ಹಗ್ಗ ಕಟ್ಟಿ ಅವನು ಒಳಗೆ ಬಿಟ್ಟ. ಹಗ್ಗ ಹೋಗುತ್ತಲೇ ಇತ್ತು. ಮೇಲೆಳೆದಾಗ ಕಲ್ಲು ಒದ್ದೆಯಾಗಿತ್ತು. ಹನುಮಂತಪ್ಪ ಅದನ್ನು ಬಿಸಾಡಲು ಹೋದ. ಅಮ್ಮ ಕೈಚಾಚಿ ಇಸಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. "ತಣ್ಣಗೈತಿ," ಅಂದಳು. ನಾನು ಬೇರೆ ಕಡೆ ನೋಡಿದೆ.

ಅದೇ ಸಂಜೆ ನಿಮ್ಮವರು ಬಂದರು. ಬಂದದ್ದಕ್ಕೆ ಸಂತೋಷ. ತೂತಿನ ಮೇಲೆ ತಗಡು ಹಾಸಿ, ಸಿಮೆಂಟು ಬಳಿದು, ಹೊಸ ಬಿಳಿ ಗೆರೆ ಹೊಡೆದು, ಹದಿನಾಲ್ಕು ಎಂದು ಮೊದಲಿಗಿಂತ ದುಂಡಗೆ ಬರೆದು ಹೋದರು. ಅದರ ಬೆನ್ನಿಗೇ ನನ್ನ ದಂಡದ ನೋಟೀಸು ಬಂತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕೇಳಿದ್ದೆ. ಕಳ್ಳರು ಬರುವ ಮೊದಲೇ ಬಾಗಿಲು ತೆಗೆದಿಟ್ಟು, ಕಾವಲು ಕೂತವಳಿಗೆ ದಂಡ ಹಾಕುವವರನ್ನು ನೋಡಿದ್ದು ಇದೇ ಮೊದಲು. ತಗಡಿನ ಮೇಲೆ ಯಾರ ಗಾಡಿ ನಿಲ್ಲಲಿ ಎಂದು ಕಾಯುತ್ತಿದ್ದೀರಿ? ಯಾರ ಮನೆಯ ಮಗು ಹಿಂದಿನ ಸೀಟಿನಲ್ಲಿ ಮಲಗಿರಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ದಂಡ ರದ್ದು ಮಾಡಿ, ಅಥವಾ ಬಿಡಿ, ಅದನ್ನು ನ್ಯಾಯಾಲಯದಲ್ಲಿ ನೋಡಿಕೊಳ್ಳೋಣ. ಹದಿನಾಲ್ಕನೇ ಜಾಗವನ್ನು ಇವತ್ತೇ ಮುಚ್ಚಿ. ತಗಡು, ಬಂಡೆ ತೆಗೆಸಿ ಬಾವಿಯನ್ನು ಬುಡದಿಂದ ತುಂಬಿಸಿ, ಇಲ್ಲವೇ ಸುತ್ತ ಎದೆಮಟ್ಟದ ಕಟ್ಟೆ ಕಟ್ಟಿಸಿ. ನೀವೇ ಬಂದು ನಿಂತು ಮಾಡಿಸಿ, ಫೋಟೋದಲ್ಲಿ ಅಲ್ಲ.

ಅಲ್ಲಿಯವರೆಗೆ ನಮ್ಮ ಗುರುವಾರ ದಿನಾಲೂ ಬರುತ್ತದೆ. ಈಗ ಅಮ್ಮ ಬೆಳಗ್ಗೆಯೇ ಕುರ್ಚಿ ಹಾಕಿಸಿಕೊಂಡು ಹದಿನಾಲ್ಕರ ಮುಂದೆ ಕೂರುತ್ತಾಳೆ, ಮೈದಾನದ ಗೇಟು ಹಾಕಿದ ಮೇಲೆ ಏಳುತ್ತಾಳೆ. ಕುರ್ಚಿಗೂ ಚೀಟಿ ಹರಿಯುವುದಿದ್ದರೆ ಹರಿಯಿರಿ. ಮನೆಗೆ ನಡಿ ಎಂದು ನಾನು ಕರೆದಿಲ್ಲವೆಂದುಕೊಳ್ಳಬೇಡಿ; ದಿನಾ ಕರೆಯುತ್ತೇನೆ. ಅವಳು ಕೊಡುವ ಉತ್ತರ ಒಂದೇ: "ಆವತ್ತು ಮಧ್ಯಾಹ್ನ ಇಲ್ಲಿ ಯಾರೂ ಇರಲಿಲ್ಲ."

ಇಂತಿ,
ನಿಮ್ಮ ಕಡತದಲ್ಲಿ "ಅಡಚಣೆ" ಎಂದು ದಾಖಲಾದವಳ ಮಗಳು,
ದಿಲ್ಶಾದ, ಖಾರಾ ವ್ಯಾಪಾರಿ, ಸವಣೂರು