ಹಾಲೇಶಪ್ಪನವರ ಇನ್ನೊಂದು ಕಿವಿ

ಅಬ್ಬಾ,

ಮಲ್ಲಿಗೆ ವ್ಯಾಪಾರದ ಹಾಲೇಶಪ್ಪ ಹೋದ ವಾರ ತೀರಿಕೊಂಡರು. ಇಂದು ಅವರ ಹೆಂಡತಿ ನಾಗಲಿಂಗಮ್ಮ ಗೋಡೆಗೆ ಹಾಕಲು ಫೋಟೋ ಕೇಳಿಕೊಂಡು ನಮ್ಮ ಸ್ಟುಡಿಯೋಗೆ ಬಂದಿದ್ದರು. ನಮ್ಮಲ್ಲಿ ಹಾಲೇಶಪ್ಪನವರದು ಇದ್ದದ್ದು ಒಂದೇ. ಬೇಸಿಗೆಯಲ್ಲಿ ಅವರು ಕಿಟಕಿಯ ಬಳಿ ಕೂತು ನಗುತ್ತಿದ್ದಾಗ, ದೀಪ ಹಾಕದೆ, ನನ್ನ ಮನಸ್ಸಿಗೆ ಬಂದಂತೆ ತೆಗೆದದ್ದು. ಮುಖದ ಒಂದು ಕಡೆ ಬೆಳಕು, ಇನ್ನೊಂದು ಕಡೆ ಪೂರ್ತಿ ಕತ್ತಲೆ. ನಾನು ತೆಗೆದದ್ದರಲ್ಲೆಲ್ಲ ಅದೇ ನನಗೆ ಇಷ್ಟ.

"ತಮ್ಮಾ, ಉಳಿದ ಅರ್ಧ ಮಕ ಎಲ್ಲೈತಿ? ಒಂದ ಕಿವಿ ಗಂಡನ್ನ ಗ್ವಾಡಿಗೆ ಹಾಕಿದ್ರ ಬೀಗರು ನಗತಾರ. ನಿಮ್ಮ ಅಪ್ಪಾರು ಇಸಾಕಸಾಬರು ಇದ್ದಾಗ ಹಿಂಗ ತೆಗೀತಿದ್ದಿಲ್ಲ."

"ನಗು ಚಲೋ ಬಂದೈತಲ್ರಿ, ಅಮ್ಮಾ."

"ನಗು ಇರ್ಲಿ. ಕಿವಿ ಹಚ್ಚು."

ನೀವು ಫೋಟೋ ತಿದ್ದುತ್ತಿದ್ದ ಕುಂಚವನ್ನೇ ತೆಗೆದುಕೊಂಡೆ. ಪ್ರಿಂಟಿನ ಕತ್ತಲೆಯ ಮೇಲೆ ಬಿಳಿ ಹಚ್ಚಿ ಕೆನ್ನೆ, ಕಣ್ಣು, ಕಿವಿ ಬರೆದೆ. ನೀವು ತೆಗೆಯುತ್ತಿದ್ದ ಫೋಟೋಗಳ ಹಾಗೆಯೇ ಆಯಿತು. ಬಣ್ಣ ಒಣಗಿದ ಮೇಲೆ ನಾಗಲಿಂಗಮ್ಮ ಅದನ್ನು ಎದೆಗೊತ್ತಿಕೊಂಡು ಅತ್ತರು.

"ಇಸಾಕಸಾಬರ ಕೈ ಎಲ್ಲೂ ಹೋಗಿಲ್ಲ ಬಿಡಪ್ಪಾ" ಎಂದರು. ಹೌದೆಂದು ತಲೆಯಾಡಿಸಿದೆ.

ನೆಗೆಟಿವ್ ಮಾತ್ರ ಹಾಗೆಯೇ ಇದೆ, ಅಬ್ಬಾ. ಇಂಥ ಫೋಟೋ ಒಂದನ್ನೂ ನಾನು ನಿಮಗೆ ತೋರಿಸಿರಲಿಲ್ಲ.