ಗಾಳಿಯ ದಿಬ್ಬ, ಡೋಜರಿನ ದಿಬ್ಬ

ಮೂಡಲಗಿ
೩ ನವೆಂಬರ್ ೨೦೨೫

ರಾಧಿಕಾಗೆ ಅಜ್ಜನ ಆಶೀರ್ವಾದ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ಬುದ್ಧಿ ಇದೆಯೇ ನಿನಗೆ? "ಫೋನಿನ್ಯಾಗ ಬರೇ ಒದರ್ತಿ ಅಜ್ಜಾ, ಬರದು ಕಳಸು" ಅಂದೆ. ಬರೆದಿದ್ದೇನೆ. ಓದು.

ದೇಶದ ಶ್ರೇಷ್ಠ ಗಾಲ್ಫ್ ಮೈದಾನಗಳ ಮೇಲೆ ನೀನು ಬರೆಯುತ್ತಿರುವ ಪುಸ್ತಕದಲ್ಲಿ, ನಾನು ಡೋಜರ್ ಓಡಿಸಿ ಕಟ್ಟಿದ ಕೊಂಕಣದ ಕಡಲದಂಡೆಯ ಮೈದಾನಕ್ಕೆ ಜಾಗ ಇಲ್ಲವಂತೆ. ಅಲ್ಲಿನ ಉಸುಕಿನ ದಿಬ್ಬಗಳನ್ನು ಗಾಳಿ ಮಾಡಿಲ್ಲ, ಯಂತ್ರ ಮಾಡಿದೆ, ಆದ್ದರಿಂದ ಖೋಟಾ ಅಂತ ನಿನ್ನ ವಾದ. ಒಂಬತ್ತನೇ ಕುಳಿಯ ಬಾಜೂ ಇರುವುದೊಂದೇ ಖರೆ ದಿಬ್ಬ. "ಅದರ ಮುಂದ ನಿಂತ್ರ ದೇವರ ಕೈ ಕಾಣತೈತಿ" ಅಂತ ನೀನೇ ಅಂದೆ.

ಮೂಡಲಗಿ, ಹುಕ್ಕೇರಿ, ಎಲ್ಲೇ ನೋಡು, ಹೊಲ ಯಾರು ಮಾಡಿದ್ದು? ಏರು ಕಡಿದು, ತಗ್ಗು ತುಂಬಿ, ಒಡ್ಡು ಹಾಕಿ ಹಿರಿಯರು ಮಾಡಿದ್ದು. ಅಲ್ಲಿ ಬೆಳೆದ ಕಬ್ಬಿನ ಸಿಹಿ ಖೋಟಾ ಏನು? ಗಾಳಿಗೆ ಸಾವಿರ ವರ್ಷ ಹಿಡಿಯುತ್ತದೆ, ನನಗೆ ಎಂಟು ತಿಂಗಳು ಹಿಡಿಯಿತು. ಉರುಳುವ ಚೆಂಡು ದಿಬ್ಬದ ಕುಲ ಕೇಳುತ್ತದೆಯೇ?

ಇನ್ನೊಂದು ಕೇಳು. ನಿನ್ನ ಆ ದೇವರ ದಿಬ್ಬವೂ ನನ್ನದೇ. ಮೊದಲು ಗಾಳಿ ಮಾಡಿದ್ದ ದಿಬ್ಬವನ್ನು ನಾನು ಅಲ್ಲಿಗೆ ಹೋದ ಎರಡನೇ ವಾರದಲ್ಲೇ ಸಪಾಟು ಮಾಡಿಬಿಟ್ಟೆ. "ಜಾಗಾ ಹಸನ ಮಾಡ್ರಿ" ಅಂತ ಮೈದಾನದ ನಕ್ಷೆ ಬರೆದ ಸಾಹೇಬ ಅಂದಿದ್ದ. ಹಸನ ಅಂದರೆ ನಮ್ಮ ಕಡೆ ಸಪಾಟು, ಏರುತಗ್ಗು ಬಿಟ್ಟರೆ ಊರೇ ನಗುತ್ತದೆ. ಕಬ್ಬಿನ ಹೊಲದ ಹಾಗೆ ನೀರು ಸಮ ಹರಿಯುವಂತೆ ಬಯಲು ಮಾಡಿ, ಶಾಭಾಸ್ ಅನ್ನಲಿ ಅಂತ ಕಾಯುತ್ತ ನಿಂತೆ. ಸಾಹೇಬ ತಲೆ ಹಿಡಿದುಕೊಂಡು ಉಸುಕಿನಲ್ಲೇ ಕೂತ. ಆ ದಿಬ್ಬವನ್ನು ಹಾಗೆಯೇ ಉಳಿಸಬೇಕಿತ್ತಂತೆ. ಹದಿನೈದು ದಿನದಲ್ಲಿ ಇದ್ದ ಹಾಗೆಯೇ ಎಬ್ಬಿಸಿಕೊಟ್ಟೆ. ಇಪ್ಪತ್ತು ವರ್ಷದಿಂದ ಒಬ್ಬ ಪಂಡಿತನಿಗೂ ಗೊತ್ತಾಗಿಲ್ಲ. ನಿನಗೂ ಇಲ್ಲ.

ಈಗ ಅದೂ ಖೋಟಾ ಅಂತ ಬರೆ, ಇಲ್ಲವೇ ಎಲ್ಲವೂ ಖರೆ ಅಂತ ಬರೆದು ಮೈದಾನವನ್ನು ಪುಸ್ತಕಕ್ಕೆ ಸೇರಿಸು. ಎರಡರ ನಡುವೆ ಜಾರಿಕೊಳ್ಳಬೇಡ.

ನಿನ್ನ ಅಜ್ಜ,
ಶೆಟ್ಟೆಪ್ಪ

ತಾ.ಕ.: ಎಬ್ಬಿಸಿದ್ದು ಖರೆ, ಆದರೆ ಅದು ಹೇಗಿತ್ತೆಂದು ನನಗೆ ನೆನಪೇ ಇರಲಿಲ್ಲ. ಅಡಿಗೆಗೆಂದು ನಮ್ಮ ಜೊತೆ ಬಂದಿದ್ದ ನಿಮ್ಮಜ್ಜಿ ಹನಮವ್ವ, ಗಾಳಿಗೆ ಮರೆ ಅಂತ ದಿನಾ ಅದರ ಬುಡದಲ್ಲೇ ಒಲೆ ಹೂಡುತ್ತಿದ್ದಳು. ಹದಿನೈದೂ ದಿನ ಡೋಜರಿನ ಮುಂದೆ ನಿಂತು ಕೈ ಬೀಸಿದವಳು ಅವಳು. "ಅಲ್ಲೆ ಅಲ್ರಿ, ದಿಬ್ಬ ಇಲ್ಲೆ ಬಳಕಿತ್ತು! ಕಣ್ಣ ಎಲ್ಲಿಟ್ಟೀರಿ?" ಅಂತ ಎಲ್ಲರ ಮುಂದೆ ಬೈದಳು. ನಾನು ಬರೀ ಲಿವರ್ ಎಳೆದೆ. ನಾಚಿಕೆಗೆ ಇದುವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಪುಸ್ತಕದಲ್ಲಿ ಅವಳ ಹೆಸರು ನನ್ನ ಹೆಸರಿಗಿಂತ ಮುಂದೆ ಬರಬೇಕು. ಹಾಕುತ್ತೀಯೋ ಇಲ್ಲವೋ, ನವೆಂಬರ್ ೧೫ರೊಳಗೆ ಉತ್ತರ ಬರೆ.